ಮಿಡ್ ಸಫೊಕ್‌ನಲ್ಲಿ ಹನ್ನೆರಡು ಇಪ್ಪತ್ನಾಲ್ಕಾದದ್ದು

2023ರ ಮೇ 4ರಂದು ಇಂಗ್ಲೆಂಡಿನಲ್ಲಿ ನಡೆದ ಸ್ಥಳೀಯ ಚುನಾವಣೆಗಳಲ್ಲಿ ಕನ್ಸರ್ವೇಟಿವ್ ಪಕ್ಷ ಸಾವಿರಕ್ಕೂ ಹೆಚ್ಚು ಸ್ಥಾನಗಳನ್ನು ಕಳೆದುಕೊಂಡದ್ದೇ ದೊಡ್ಡ ಸುದ್ದಿಯಾಯಿತು. ನನಗೆ ಮಾತ್ರ ನಾವಿರುವ ಮಿಡ್ ಸಫೊಕ್ ಜಿಲ್ಲಾ ಕೌನ್ಸಿಲ್ಲಿನ ಫಲಿತಾಂಶದ ಮೇಲೆಯೇ ಕಣ್ಣು. ಒಟ್ಟು 34 ಸ್ಥಾನಗಳಲ್ಲಿ ಪರಿಸರವಾದಿ ಗ್ರೀನ್ ಪಕ್ಷಕ್ಕೆ 24, ಕನ್ಸರ್ವೇಟಿವ್ ಪಕ್ಷಕ್ಕೆ 6, ಲಿಬರಲ್ ಡೆಮಾಕ್ರಾಟರಿಗೆ 4 ಬಂದವು. ಬ್ರಿಟನ್ನಿನ ಕೌನ್ಸಿಲ್ಲೊಂದರಲ್ಲಿ ಗ್ರೀನ್ ಪಕ್ಷಕ್ಕೆ ಸ್ಪಷ್ಟ ಬಹುಮತ ಸಿಕ್ಕಿದ್ದು ಅದೇ ಮೊದಲು. ಬ್ರೈಟನ್ನಿನಲ್ಲಿ ಹಿಂದೆ ಆ ಪಕ್ಷ ಅಧಿಕಾರ ನಡೆಸಿತ್ತಾದರೂ ಅಲ್ಲಿ ಬಹುಮತವಿರಲಿಲ್ಲ.

ಇದನ್ನು ರಾತ್ರೋರಾತ್ರಿ ಎದ್ದ ಹಸಿರು ಅಲೆಯೆಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ. 2019ರಲ್ಲಿಯೇ ಆ ಪಕ್ಷ 12 ಸ್ಥಾನಗಳನ್ನು ಗೆದ್ದು, 16 ಸ್ಥಾನಗಳಿದ್ದ ಕನ್ಸರ್ವೇಟಿವರ ಬೆನ್ನ ಹಿಂದೆಯೇ ನಿಂತಿತ್ತು. ಇಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಿರುವುದರಿಂದ, ಮತಗಳು ಕೊಂಚ ಅತ್ತಿತ್ತ ಸರಿದರೂ ಸ್ಥಾನಗಳ ಲೆಕ್ಕ ತಲೆಕೆಳಗಾಗಬಲ್ಲದು.

ಭಾರತದ ಪೌರರಾಗಿಯೇ ಉಳಿದು ಇಲ್ಲಿ ನೆಲೆಸಿರುವವರಿಗೂ, ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ, ಮತದಾನದ ಹಕ್ಕಿದೆ. ಇಂಗ್ಲೆಂಡಿನಲ್ಲೆಲ್ಲ ಭಾವಚಿತ್ರವಿರುವ ಗುರುತಿನ ಪತ್ರವನ್ನು ಕಡ್ಡಾಯ ಮಾಡಿದ ಮೊದಲ ಚುನಾವಣೆ ಅದಾದ್ದರಿಂದ ಭಾರತದ ಪಾಸ್‌ಪೋರ್ಟನ್ನೇ ತೋರಿಸಿ ಮತಪತ್ರ ಪಡೆದೆ. ಬೆರಳಿಗೆ ಶಾಯಿ ಹಚ್ಚುವವರಿರಲಿಲ್ಲ, ಒತ್ತಲು ಗುಂಡಿಯೂ ಇರಲಿಲ್ಲ. ದಾರ ಕಟ್ಟಿದ ಮೋಟು ಪೆನ್ಸಿಲ್ಲಿನಿಂದ ಹೆಸರಿನ ಎದುರು ಕತ್ತರಿ ಗುರುತು ಹಾಕಿ, ಕಾಗದವನ್ನು ಮಡಿಸಿ ಪೆಟ್ಟಿಗೆಗೆ ಹಾಕಿ ಬಂದೆ.

ಹೊಲಗಳೂ ಸ್ಟೋಮಾರ್ಕೆಟ್‌ನಂಥ ಸಣ್ಣ ಪೇಟೆಗಳೂ ಇರುವ ಈ ಸೀಮೆಯಲ್ಲಿ ಜಿಲ್ಲಾ ಕೌನ್ಸಿಲ್ಲಿನ ಕೆಲಸವೆಂದರೆ ಮನೆ ಕಟ್ಟಲು ಅನುಮತಿ, ಕಸ ಸಂಗ್ರಹ, ವಸತಿ ಮುಂತಾದವು. ಶಾಲೆ, ರಸ್ತೆ, ಗ್ರಂಥಾಲಯಗಳು ಜಿಲ್ಲೆಗಿಂತ ಮೇಲಿನ ಹಂತದ ಸಫೊಕ್ ಕೌಂಟಿ ಕೌನ್ಸಿಲ್ಲಿಗೆ ಸೇರಿದವು. ತೆರಿಗೆಯ ಬಿಲ್ಲು ಕಳುಹಿಸುವುದು ಜಿಲ್ಲೆ, ಅದರಲ್ಲಿ ದೊಡ್ಡ ಪಾಲು ಹೋಗುವುದು ಕೌಂಟಿಗೆ. ಹೀಗಾಗಿ ರಸ್ತೆಯ ಗುಂಡಿಗೂ ಜನ ಬೈಯುವುದು ಜಿಲ್ಲೆಯ ಸದಸ್ಯರನ್ನೇ!

ಮರುವರ್ಷ, ಅಂದರೆ 2024ರ ಜುಲೈನಲ್ಲಿ, ಈ ಜಿಲ್ಲೆಯ ಒಂದು ಭಾಗವೂ ಸೇರಿರುವ ವೇವ್ನಿ ವ್ಯಾಲಿ ಕ್ಷೇತ್ರದಿಂದ ಗ್ರೀನ್ ಪಕ್ಷದ ಏಡ್ರಿಯನ್ ರಾಮ್ಸೆ ಸಂಸತ್ತಿಗೆ ಆಯ್ಕೆಯಾದರು. ಅದೇ ಡಿಸೆಂಬರಿನಲ್ಲಿ ಸರ್ಕಾರ ಜಿಲ್ಲೆ ಮತ್ತು ಕೌಂಟಿಯ ಎರಡು ಹಂತಗಳನ್ನು ಒಂದಾಗಿಸುವ ಯೋಜನೆ ಪ್ರಕಟಿಸಿತು. ಅದು ಪೂರ್ತಿಯಾಗಿ ಜಾರಿಗೆ ಬಂದರೆ, ಅಷ್ಟು ಕಷ್ಟಪಟ್ಟು ಗೆದ್ದ ಕೌನ್ಸಿಲ್ಲೇ ಇರುವುದಿಲ್ಲ.