ಜಪಾನಿನಲ್ಲಿ ಕಾರು ಮಾಡಿಫೈ ಮಾಡೋಕೆ ಕಾನೂನೇ ಇಲ್ವಾ?

ಟೋಕಿಯೋ ಆಟೋ ಸಲೂನ್‌ನ ಫೋಟೋ ತೋರಿಸಿದಾಗಲೆಲ್ಲ ಗೆಳೆಯರು ಇದೇ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ಸೈಲೆನ್ಸರ್ ಬದಲಾಯಿಸಿದರೂ ಪೊಲೀಸರು ಹಿಡಿಯುತ್ತಾರೆ, ಅಲ್ಲಿ ಮಾಡಿಫೈ ಮಾಡಿದ ಕಾರುಗಳಿಗೇ ಅಷ್ಟು ದೊಡ್ಡ ಮೇಳ ಹೇಗೆ ನಡೆಯುತ್ತೆ ಅಂತ.

ಕಾನೂನು ಇದೆ. ನಮಗಿಂತ ಜಾಸ್ತಿಯೇ ಇದೆ.

ಅದರ ಹೆಸರು ಶಾಕೆನ್. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಆಗುವ ತಪಾಸಣೆ. ಕಾರಿನ ತಳ ನೆಲದಿಂದ ಕನಿಷ್ಠ 9 ಸೆಂ.ಮೀ. ಮೇಲಿರಬೇಕು. ದಾಖಲೆಯಲ್ಲಿರುವ ಅಳತೆಗಿಂತ ಉದ್ದದಲ್ಲಿ 3, ಅಗಲದಲ್ಲಿ 2, ಎತ್ತರದಲ್ಲಿ 4 ಸೆಂ.ಮೀ. ವ್ಯತ್ಯಾಸ ಇದ್ದರೆ ನಡೆಯುತ್ತದೆ. ಅದನ್ನು ಮೀರಿದರೆ? ಮುಖ್ಯವಾದದ್ದು ಇಲ್ಲೇ ಇರುವುದು. ಮೀರಿದ ಕಾರನ್ನು ತಪಾಸಣೆಗೆ ಒಯ್ದು, ಸುರಕ್ಷಿತ ಎಂದು ತೋರಿಸಿ, ಹೊಸ ಅಳತೆಯನ್ನೇ ದಾಖಲೆಗೆ ಸೇರಿಸಿಕೊಳ್ಳಬಹುದು. ಉದಾಹರಣೆಗೆ, ಅಲ್ಲಿ 'ಕೇ' ಎಂಬ ಕಡಿಮೆ ತೆರಿಗೆಯ ಸಣ್ಣ ಕಾರುಗಳ ವರ್ಗ ಇದೆ. ಅವುಗಳ ಅಗಲ 1.48 ಮೀಟರ್ ದಾಟುವಂತಿಲ್ಲ. ದಪ್ಪ ಫೆಂಡರ್ (ಚಕ್ರದ ಮೇಲಿನ ಹೊದಿಕೆ) ಹಾಕಿ ದಾಟಿಸಿದರೆ ಅದು ಕೇ ಕಾರಾಗಿ ಉಳಿಯುವುದಿಲ್ಲ. ದೊಡ್ಡ ಕಾರು ಎಂದು ನೋಂದಣಿ ಮಾಡಿಸಿ, ಹಳದಿ ಪ್ಲೇಟ್ ಬಿಟ್ಟು ಬಿಳಿ ಪ್ಲೇಟ್ ಹಾಕಿಕೊಂಡು, ಜಾಸ್ತಿ ತೆರಿಗೆ ಕಟ್ಟಿ ಓಡಿಸಬಹುದು.

ಈ ದಾರಿ ಬಿಟ್ಟು ಸುಮ್ನೆ ಓಡಿಸಿದರೆ ಮಾತ್ರ ಬಿಡುವುದಿಲ್ಲ. ರಸ್ತೆಯಲ್ಲೇ ನಿಲ್ಲಿಸಿ ಗಾಜಿಗೆ ಸ್ಟಿಕ್ಕರ್ ಅಂಟಿಸುತ್ತಾರೆ. 15 ದಿನದೊಳಗೆ ಸರಿಮಾಡಿಸಿ ತಂದು ತೋರಿಸಬೇಕು.

ಮೊದಲಿನಿಂದಲೂ ಹೀಗಿರಲಿಲ್ಲ. 1983ರಲ್ಲಿ 'ಟೋಕಿಯೋ ಎಕ್ಸೈಟಿಂಗ್ ಕಾರ್ ಶೋ' ಎಂಬ ಹೆಸರಲ್ಲಿ ಈ ಮೇಳ ಶುರುವಾದಾಗ ಕಾರು ಟ್ಯೂನ್ ಮಾಡುವವರೆಂದರೆ ಪುಂಡರು ಅಂತಲೇ ಜನ ನೋಡುತ್ತಿದ್ದರು. 'ಆಪ್ಷನ್' ಎಂಬ ಕಾರು ಪತ್ರಿಕೆಯ ದಾಯ್ಜಿರೋ ಇನಾದಾ ಆ ಕೆಲಸಗಾರರಿಗೆ ಒಂದು ಗೌರವದ ವೇದಿಕೆ ಬೇಕೆಂದು ಪಟ್ಟುಹಿಡಿದರು. 1995ರಲ್ಲಿ ಸರ್ಕಾರ ಮಾಡಿಫೈ ಮಾಡುವ ನಿಯಮ ಸಡಿಲಿಸಿತು. ಈಗ ಕಂಪನಿಗಳೇ ಅಲ್ಲಿಗೆ ಬರುತ್ತವೆ. ಟೊಯೋಟಾ ತನ್ನ ಜಿಆರ್ ಯಾರಿಸ್ ಕಾರನ್ನು 2020ರಲ್ಲಿ ಲೋಕಕ್ಕೆ ತೋರಿಸಿದ್ದು ಇಲ್ಲೇ. 2023ರಲ್ಲಿ ಆಗ ಟೊಯೋಟಾ ಕಂಪನಿಯ ಅಧ್ಯಕ್ಷರಾಗಿದ್ದ ಅಕಿಯೋ ಟೊಯೋಡಾ ಅವರು ತಮ್ಮ ಕಂಪನಿಯ ಎಂಬತ್ತರ ದಶಕದ ಎಇ86 ಕಾರುಗಳೆರಡನ್ನು ತಂದು ನಿಲ್ಲಿಸಿದರು. ಒಂದು ಹೈಡ್ರೋಜನ್ ಉರಿಸಿ ಓಡುವಂಥದ್ದು, ಇನ್ನೊಂದು ಬ್ಯಾಟರಿಯದ್ದು. ಹಳೇ ಕಾರನ್ನು ಗುಜರಿಗೆ ಹಾಕದೆ ಹೊಗೆ ಕಡಿಮೆ ಮಾಡುವ ದಾರಿ ಹುಡುಕುವುದು ಎಷ್ಟು ಒಳ್ಳೆಯ ಕೆಲಸ, ಅಲ್ವಾ?

ನಮ್ಮಲ್ಲಿ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಿಎನ್‌ಜಿ ಕಿಟ್, ಅಂಗವಿಕಲರಿಗಾಗಿ ಮಾಡುವ ಮಾರ್ಪಾಡು, ಬಣ್ಣ, ಇಂಥ ಕೆಲವಕ್ಕೆ ದಾರಿ ಇದೆ. ಆದರೆ ಒಳ್ಳೆಯ ಮೆಕ್ಯಾನಿಕ್ ಲೆಕ್ಕ ಹಾಕಿ ಹೊಸ ಬ್ರೇಕು, ಸಸ್ಪೆನ್ಷನ್ ಕೂರಿಸಿದ್ದನ್ನು ಪರೀಕ್ಷೆ ಮಾಡಿ ನೋಡಿ ಎಂದು ಆರ್‌ಟಿಒ ಮುಂದೆ ನಿಲ್ಲಿಸಲು ಸಲೀಸಾದ ದಾರಿ ಇಲ್ಲ. ಹಾಗಾಗಿ ಅವನೂ, ಕಿವಿ ಒಡೆಯುವ ಸೈಲೆನ್ಸರ್ ಹಾಕುವವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿ ಸಾಲುಗಳಲ್ಲಿ ಕೈಚಳಕಕ್ಕೇನೂ ಕಡಿಮೆ ಇಲ್ಲ.

ಹೋಗಬೇಕೆನ್ನುವವರಿಗೆ: ಮೇಳ ಜನವರಿಯಲ್ಲಿ, ಚಿಬಾದ ಮಕುಹಾರಿ ಮೆಸ್ಸೆಯಲ್ಲಿ, ಮೂರು ದಿನ. ಟೋಕಿಯೋ ಸ್ಟೇಷನ್ನಿನಿಂದ ಕೇಯೋ ಲೈನ್ ಹಿಡಿದು ಕಾಯ್ಹಿನ್-ಮಕುಹಾರಿಯಲ್ಲಿ ಇಳಿಯಿರಿ. ಆ ಲೈನಿನ ಪ್ಲಾಟ್‌ಫಾರಂ ತುಂಬಾ ದೂರ, ನಡೆಯಲು ಸಮಯ ಇಟ್ಟುಕೊಳ್ಳಿ. 2019ರಲ್ಲಿ 3.3 ಲಕ್ಷ ಜನ ಬಂದಿದ್ದರು, ಅಂದರೆ ನೂಕುನುಗ್ಗಲು ಊಹಿಸಿಕೊಳ್ಳಿ. ಕಂಪನಿಗಳ ಸ್ಟಾಲ್ ಬೇಗ ಮುಗಿಸಿ, ಆಟೋಮೊಬೈಲ್ ಕಾಲೇಜುಗಳ ಹುಡುಗರು ಕಟ್ಟಿದ ಕಾರುಗಳ ಹತ್ತಿರ ಹೊತ್ತು ಕಳೆಯಿರಿ. ವೆಲ್ಡಿಂಗ್ ಹೇಗೆ ಮಾಡಿದಿರಿ ಎಂದು ಕೇಳಿ ನೋಡಿ. ಬಿಡಿಭಾಗ ಕೊಳ್ಳುವುದಿದ್ದರೆ ಡಬ್ಬಿಯ ಮೇಲೆ 'ಶಾಕೆನ್ ತಾಯ್‌ಓ' ಅಂತ ಇದೆಯಾ ನೋಡಿ. ಅದು ತಪಾಸಣೆಗೆ ಹೊಂದುವ ಮಾಲು ಎಂದರ್ಥ. ಅಲ್ಲಿನ ತಪಾಸಣೆಗೆ ಮಾತ್ರ.