ಅಳೆಯುವ ಟೂಲ್ ಕೊಳ್ಳಿ, ಎಳೆಯುವ ಟೂಲ್ ಮಾಡಿಕೊಳ್ಳಿ

ಐದು ಎಚ್‌ಪಿ ಪಂಪ್‌ಸೆಟ್, ಪವರ್ ಟಿಲ್ಲರ್, ಹಳೇ ಟ್ರ್ಯಾಕ್ಟರ್ ಯಾವುದೇ ಇರಲಿ, ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪ್) ಇರುವ ಡೀಸೆಲ್ ಎಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಕಟ್ಟಲು ಸ್ಪ್ಯಾನರ್ ಸೆಟ್ಟಿನ ಆಚೆ ಬೇಕಾಗುವ ವಿಶೇಷ ಟೂಲುಗಳು ಬೆರಳೆಣಿಕೆಯಷ್ಟೇ. ಅವುಗಳಲ್ಲಿ ಕೆಲವು ಅಳೆಯುತ್ತವೆ, ಉಳಿದವು ಎಳೆಯುತ್ತವೆ, ಒತ್ತುತ್ತವೆ, ಹಿಡಿದಿಡುತ್ತವೆ. ಎಳೆಯುವ ಟೂಲ್ ಒರಟಾಗಿದ್ದರೂ ಕೆಲಸ ಆಗುತ್ತೆ. ಅಳೆಯುವ ಟೂಲ್ ಸುಳ್ಳು ಹೇಳಿದರೆ ಚೆನ್ನಾಗಿರುವ ನಾಝಲ್ (ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತುದಿ) ಬದಲಾಯಿಸಿ, ಸವೆದ ಪಿಸ್ಟನ್ ರಿಂಗನ್ನು ಒಳಗೇ ಬಿಡ್ತೀರಿ. ಹಾಗಾಗಿ ಇರುವ ದುಡ್ಡನ್ನೆಲ್ಲ ಅಳತೆಯ ಕಡೆ ಹಾಕಿ.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಪ್ರೆಷರ್. ಬೈಕಿನ ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಗೇಜ್ 20 ಬಾರ್ ಹತ್ತಿರಕ್ಕೇ ಮುಗಿಯುತ್ತೆ. ಆರೋಗ್ಯವಾಗಿರುವ ಡೀಸೆಲ್ ಸಿಲಿಂಡರ್ 25ರಿಂದ 35 ಬಾರ್ ಕೊಡುತ್ತೆ, ಆದ್ದರಿಂದ 70 ಬಾರ್ ಗೇಜೇ ಬೇಕು. ಆದರೆ ಕೈಹಿಡಿ ತಿರುಗಿಸಿ ಸ್ಟಾರ್ಟ್ ಮಾಡುವ ಎಂಜಿನ್‌ಗೆ ಈ ಗೇಜ್ ಅಷ್ಟು ಉಪಯೋಗವಿಲ್ಲ. ತಿರುಗುವ ವೇಗ ಒಂದೊಂದು ಸಲ ಒಂದೊಂದು ಥರ, ರೀಡಿಂಗ್ ಕೂಡ ಹಾಗೇ. ರಿಂಗ್ ಸವೆದಿದೆಯಾ ತಿಳಿಯಲು ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಅಳೆಯುವ ಪೆಟ್ರೋಲ್ ಎಂಜಿನ್ ಉಪಾಯವೂ ಇಲ್ಲಿ ಮೋಸ ಮಾಡುತ್ತೆ. 80×110 ಬೋರ್-ಸ್ಟ್ರೋಕಿನ 553 ಸಿಸಿ ಎಂಜಿನ್ ತಗೊಳ್ಳಿ. ಕಂಪ್ರೆಷನ್ ಅನುಪಾತ 16.5 ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 36 ಮಿಲಿ ಮಾತ್ರ. ಅದರಲ್ಲಿ 5 ಮಿಲಿ ಆಯಿಲ್ ಕೂತರೆ ರಿಂಗ್ ಹೇಗೇ ಇರಲಿ, ರೀಡಿಂಗ್ ಐದರಲ್ಲೊಂದು ಪಾಲು ಏರುತ್ತೆ. ಕೈತಪ್ಪಿ ಜಾಸ್ತಿ ಸುರಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಇದಕ್ಕಿಂತ ಒಳ್ಳೆಯ ದಾರಿ ಡಮ್ಮಿ ಇಂಜೆಕ್ಟರ್. ಗುಜರಿಯಿಂದ ಕೆಟ್ಟ ಇಂಜೆಕ್ಟರ್ ಬಾಡಿ ತಂದು, ಒಳಗಿನದೆಲ್ಲ ತೆಗೆದು, ಗಾಳಿ ಹೋಗಲು ಉದ್ದಕ್ಕೆ ರಂಧ್ರ ಹೊಡೆಸಿ, ಮೇಲೆ ಏರ್ ಹೋಸ್ ನಿಪ್ಪಲ್ ಬ್ರೇಜ್ ಮಾಡಿಸಿ. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಜಾಗ) ತಂದು, ಕೈಹಿಡಿ ಕಳಚಿ, ಫ್ಲೈವೀಲ್ ತಿರುಗದಂತೆ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 3–4 ಬಾರ್ ಗಾಳಿ ಕೊಡಿ. ಏರ್ ಕ್ಲೀನರಿನಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್ ಅಥವಾ ಲೈನರ್, ನೀರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಗೇಜೇ ಬೇಡ.

ನಾಝಲ್ ಟೆಸ್ಟರಿಗೆ ಮಾತ್ರ ಕೈ ಬಿಗಿ ಮಾಡಬೇಡಿ. 400 ಬಾರ್ ಗೇಜ್ ಇರುವ ಹ್ಯಾಂಡ್ ಲಿವರ್ ಟೆಸ್ಟರ್ ಸಾಕು. ಊರಿನಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ತಂದರೆ ಇನ್ನೂ ಒಳ್ಳೆಯದು. ಹಳೇ ಸಿಂಗಲ್ ಸಿಲಿಂಡರ್ ಇಂಜೆಕ್ಷನ್ ಪಂಪಿಗೆ ಲಿವರ್ ಕೂರಿಸಿಯೂ ಮಾಡಿಕೊಳ್ಳಬಹುದು, ಆದರೆ ಗೇಜ್ ಹೊಸದೇ ಇರಲಿ, ಪೈಪಿನ ನಟ್ ಥ್ರೆಡ್ ಅಳೆದು ತನ್ನಿ. ಹೆಚ್ಚಿನ ಕಡೆ ಇರುವುದು 14×1.5. ಇಂಜೆಕ್ಟರ್ ಕಟ್ಟಿ ಲಿವರ್ ನಿಧಾನಕ್ಕೆ ಒತ್ತಿ. ಈ ಚಿಕ್ಕ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 200 ಬಾರ್ ಆಸುಪಾಸಿನಲ್ಲಿ ತೆರೆಯಬೇಕು, ಖಚಿತ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತೆ. ಆಮೇಲೆ ತೆರೆಯುವ ಪ್ರೆಷರಿಗಿಂತ 20 ಬಾರ್ ಕಡಿಮೆಯಲ್ಲಿ 10 ಸೆಕೆಂಡ್ ನಿಲ್ಲಿಸಿ ನೋಡಿ. ತುದಿಯಲ್ಲಿ ಹನಿ ಕಟ್ಟಿದರೆ ನಾಝಲ್ ಸೀಟ್ (ಸೂಜಿ ಕೂತು ಮುಚ್ಚುವ ಜಾಗ) ಹೋಗಿದೆ, ಹೊಗೆಗೂ ಬಡಿತಕ್ಕೂ ಅದು ಕಾರಣವಾಗಬಹುದು. ತೆರೆಯುವ ಪ್ರೆಷರ್ ಮಾತ್ರ ಇಳಿದಿದ್ದರೆ ನಾಝಲ್ ಬದಲಿಸಬೇಡಿ. ಸ್ಪ್ರಿಂಗ್ ಮೇಲೆ 0.1 ಮಿಮೀ ಶಿಮ್ (ತೆಳು ಬಿಲ್ಲೆ) ಹಾಕಿದರೆ ಸುಮಾರು 10 ಬಾರ್ ಏರುತ್ತೆ. ಕೆಲವದರಲ್ಲಿ ಶಿಮ್ ಬದಲು ಸ್ಕ್ರೂ ಇರುತ್ತೆ.

ಸಿಂಪಡಣೆಯ ಎದುರು ಬೆರಳು ಇಡಲೇಬೇಡಿ. 200 ಬಾರ್ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಮಾಂಸ ಸಾಯುತ್ತೆ, ಗಂಟೆಗಳೊಳಗೆ ಸರ್ಜನ್ ಹತ್ತಿರ ಹೋಗದಿದ್ದರೆ ಬೆರಳೇ ಹೋಗಬಹುದು. ನಾಝಲ್ ತುದಿಯನ್ನು ದಪ್ಪ ಡಬ್ಬದೊಳಗೆ ಇಳಿಸಿ, ಕನ್ನಡಕ ಹಾಕಿ, ಹತ್ತಿರ ಬೆಂಕಿ ಇರಬಾರದು.

ಟೈಮಿಂಗ್, ಅಂದರೆ ಇಂಜೆಕ್ಷನ್ ಶುರುವಾಗುವ ಕ್ಷಣ, ನೋಡುವ ಸ್ಪಿಲ್ ಪೈಪಿಗೆ ಒಂದು ರೂಪಾಯಿಯೂ ಬೇಡ. ಬಿರುಕು ಬಿಟ್ಟ ಹಳೇ ಹೈ ಪ್ರೆಷರ್ ಪೈಪನ್ನು ನಟ್ ಇರುವ ತುದಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಹಂಸದ ಕತ್ತಿನ ಹಾಗೆ ಬಗ್ಗಿಸಿ. ಇಂಜೆಕ್ಷನ್ ಪಂಪಿನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದು, ಹೋಲ್ಡರ್ ಮಾತ್ರ ವಾಪಸ್ ಬಿಗಿದು, ಮೇಲೆ ಈ ಪೈಪ್ ಹಾಕಿ. ರ‍್ಯಾಕ್ (ಡೀಸೆಲ್ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಸರಳು) ಪೂರ್ತಿ ಡೀಸೆಲ್ ಕಡೆ ಇರಲಿ, ಟ್ಯಾಂಕ್ ಕಾಕ್ ತೆರೆದಿರಲಿ. ಕಂಪ್ರೆಷನ್ ಸ್ಟ್ರೋಕಿನಲ್ಲಿ ಫ್ಲೈವೀಲನ್ನು ಓಡುವ ದಿಕ್ಕಿಗೇ ನಿಧಾನಕ್ಕೆ ತಿರುಗಿಸಿ. ಧಾರೆ ಹನಿಯಾಗಿ, ಹನಿ ನಿಲ್ಲುವ ಕ್ಷಣವೇ ಇಂಜೆಕ್ಷನ್ ಶುರು. ಫ್ಲೈವೀಲ್ ಮೇಲೆ ಡಿಗ್ರಿ ಗುರುತು ಇಲ್ಲದಿದ್ದರೆ ದರ್ಜಿಯ ಟೇಪ್ ಸಾಕು: ಸುತ್ತಳತೆಯನ್ನು ಡಿಗ್ರಿಯಿಂದ ಗುಣಿಸಿ 360ರಿಂದ ಭಾಗಿಸಿ. 500 ಮಿಮೀ ವ್ಯಾಸದ ವೀಲಿನ ಸುತ್ತಳತೆ 1571 ಮಿಮೀ. 23 ಡಿಗ್ರಿ ಬೇಕಿದ್ದರೆ ಟಿಡಿಸಿಗೆ 100 ಮಿಮೀ ಮೊದಲೇ ಹನಿ ನಿಲ್ಲಬೇಕು. ಫ್ಲೇಂಜ್ ಪಂಪಿನ ಅಡಿ ಶಿಮ್ ತೆಗೆದರೆ ಟೈಮಿಂಗ್ ಮುಂದಕ್ಕೆ, ಹಾಕಿದರೆ ಹಿಂದಕ್ಕೆ. ತಪ್ಪಾಗುವುದು ಹೆಚ್ಚಾಗಿ ಒಂದೇ ಕಡೆ: ವೀಲ್ ಜಾಸ್ತಿ ತಿರುಗಿತು ಅಂತ ಸ್ವಲ್ಪ ಹಿಂದಕ್ಕೆ ತಿರುಗಿಸಿ ನೋಡುವುದು. ಗೇರಿನ ಸಡಿಲವೆಲ್ಲ ಅಳತೆಯೊಳಗೆ ಬಂದುಬಿಡುತ್ತೆ. ಕಾಲು ಸುತ್ತು ಪೂರ್ತಿ ಹಿಂದೆ ಹೋಗಿ ಮತ್ತೆ ಬನ್ನಿ.

ನಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ವ್ರೆಂಚ್ ಅಗ್ಗದ್ದೇ ಕೊಳ್ಳಿ, ಪರೀಕ್ಷಿಸಿ ಬಳಸಿ. ಸಾಕೆಟ್ ಕೂರುವ ಅರ್ಧ ಇಂಚಿನ ಚೌಕವನ್ನು ವೈಸಿನಲ್ಲಿ ಹಿಡಿದು ವ್ರೆಂಚನ್ನು ಅಡ್ಡ ಮಲಗಿಸಿ. ಚೌಕದ ನಡುವಿನಿಂದ ಹಿಡಿಯ ನಡುವಿಗೆ 40 ಸೆಂಮೀ ಇದ್ದರೆ ಅಲ್ಲಿ 15 ಕೆಜಿ ತೂಗುಹಾಕಿ. 59 ನ್ಯೂಟನ್ ಮೀಟರ್ ಆಯಿತು. 55ಕ್ಕೆ ಇಟ್ಟಾಗ ಕ್ಲಿಕ್ ಅಂದು, 65ಕ್ಕೆ ಅನ್ನದಿದ್ದರೆ ನಂಬಬಹುದು. ಅದರಲ್ಲಿ ನಟ್ ಸಡಿಲಿಸಬೇಡಿ, ಕೆಲಸ ಮುಗಿದ ಮೇಲೆ ಕನಿಷ್ಠ ಅಂಕಿಗೆ ಇಳಿಸಿಡಿ.

ಪಿಸ್ಟನ್ ಮತ್ತು ಹೆಡ್ ನಡುವಿನ ಅಂತರ ಅಳೆಯಲು ರೇಡಿಯೋ ರಿಪೇರಿಯವರ ಸೀಸದ ಸೋಲ್ಡರ್ ತಂತಿ. ಎರಡು ತುಂಡನ್ನು ಗಜನ್ ಪಿನ್ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಇರುವ ಗೆರೆಯ ಮೇಲೇ ಗ್ರೀಸಿನಿಂದ ಅಂಟಿಸಿ. ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಅಳತೆ ಕೆಡುತ್ತೆ. ಹೆಡ್ಡನ್ನು ಗ್ಯಾಸ್ಕೆಟ್ ಸಮೇತ ಪೂರ್ತಿ ಟಾರ್ಕಿಗೆ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ.

ಹೆಡ್ಡಿನಲ್ಲಿ ಕಚ್ಚಿಕೊಂಡ ಇಂಜೆಕ್ಟರ್ ಎಳೆಯಲು ಹಳೇ ಪೈಪಿನ ನಟ್ಟನ್ನು 12 ಮಿಮೀ ರಾಡಿಗೆ ವೆಲ್ಡ್ ಮಾಡಿಸಿ, ಜಾರುವ ಹಾಗೆ ಎರಡು ಕೆಜಿ ಕಬ್ಬಿಣದ ಗುಂಡು ತೂರಿಸಿ, ತುದಿಗೆ ತಡೆ. ಹಿಂದಿನ ರಾತ್ರಿಯೇ ಸುತ್ತ ಡೀಸೆಲ್ ಬಿಟ್ಟಿರಿ. ಪಿಸ್ಟನ್ ಕೂರಿಸುವಾಗ ರಿಂಗ್ ಒತ್ತಲು ಎಣ್ಣೆ ಡಬ್ಬದ ತಗಡು ಮತ್ತು ಹೋಸ್ ಕ್ಲಿಪ್. ಪುಲ್ಲಿ ಎಳೆಯಲು 12 ಮಿಮೀ ಪ್ಲೇಟ್, ಮೂರು ಬೋಲ್ಟ್.

ಸಿಲಿಂಡರಿನ ಒಳ ವ್ಯಾಸ ಅಳೆಯುವ ಬೋರ್ ಗೇಜ್, ವಾಲ್ವ್ ಸೀಟ್ ಕಟರ್ ಕೊಳ್ಳಲೇಬೇಡಿ. ಅವು ಬೇಕಾಗುವುದು ಹತ್ತು ವರ್ಷಕ್ಕೊಮ್ಮೆ. ಲೈನರನ್ನು ಲೇತ್ ಅಂಗಡಿಗೆ ಒಯ್ದು ಅಳೆಸಿ. ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿಸುವ ಇಂಜೆಕ್ಷನ್) ಕಾರಿನ ಹೈ ಪ್ರೆಷರ್ ಪೈಪ್ ಅಂತೂ ಮನೆಯಲ್ಲಿ ಮುಟ್ಟುವಂಥದ್ದಲ್ಲ.

ಬೆಂಗಳೂರಿನವರಿಗೆ ಹೊಸ ಗೇಜು, ಸಂದು ಅಳೆಯುವ ಫೀಲರ್‌ಗೆ ಎಸ್‌ಪಿ ರೋಡ್, ಬಿಡಿಭಾಗಕ್ಕೆ ಜೆಸಿ ರೋಡ್, ಹಳೇ ಪಂಪ್, ಇಂಜೆಕ್ಟರ್ ಬಾಡಿಗೆ ಶಿವಾಜಿನಗರದ ಗುಜರಿ. ಹಳೇ ಮೈಕ್ರೋಮೀಟರ್ ಕೊಳ್ಳುವಾಗ 0–25 ಮಿಮೀ ಅಳತೆಯದನ್ನು ಅಲ್ಲೇ ಒರೆಸಿ ಮುಚ್ಚಿ ಸೊನ್ನೆಗೆ ಬರುತ್ತಾ ನೋಡಿ, ರ‍್ಯಾಚೆಟ್ ಮೂರು ಸಲ ತಿರುಗಿಸಿದರೂ ಅದೇ ಗೆರೆಗೆ ನಿಲ್ಲಬೇಕು. 75–100ರದ್ದಾದರೆ ಜೊತೆಗೆ 75 ಮಿಮೀ ಸ್ಟ್ಯಾಂಡರ್ಡ್ ರಾಡ್ ಕೇಳಿ. ಅದಿಲ್ಲದೆ ಸೊನ್ನೆ ನೋಡಲು ಆಗದು, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.