ಕೆಮ್ಮಣ್ಣಿಗೆ ತಕ್ಕ ಟೈರು

ಕೆಂಗೇರಿಯ ಬಳಿಯ ಖಾಲಿ ನಿವೇಶನದಲ್ಲಿ ನಿಜವಾದ ಕಾರಿನ 1/10 ಅಳತೆಯ ರಿಮೋಟ್ ರ‍್ಯಾಲಿ ಕಾರನ್ನು ಓಡಿಸುವ ನನಗೆ, ಮೋಟರಿಗಿಂತ ಟೈರೇ ಮುಖ್ಯವೆಂಬುದು ಪ್ರತಿ ತಿರುವಿನಲ್ಲೂ ಮನದಟ್ಟಾಗುತ್ತದೆ. ಬೇಸಿಗೆಯ ಗಟ್ಟಿ ಕೆಮ್ಮಣ್ಣಿನ ಮೇಲೆ ನುಣ್ಣನೆಯ ಧೂಳು ಕೂತಿರುವಾಗ ಒತ್ತೊತ್ತಾದ ಸಣ್ಣ ಹಲ್ಲುಗಳ, ಮೆದು ರಬ್ಬರಿನ ಟೈರು ಚೆನ್ನಾಗಿ ಹಿಡಿಯುತ್ತದೆ. ಮಳೆ ಶುರುವಾದ ಮೇಲೆ ಅದೇ ಹಲ್ಲುಗಳ ಸಂದಿಗೆ ಜೇಡಿ ಮೆತ್ತಿಕೊಂಡು ಟೈರು ಬೋಳಾದಂತೆ ಜಾರುವುದರಿಂದ, ನಾನು ಹೊರಸಾಲಿನ ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಸಣ್ಣ ಕತ್ತರಿಯಿಂದ ಕತ್ತರಿಸಿ, ಮಣ್ಣು ಸಿಡಿದುಹೋಗಲು ದಾರಿ ಮಾಡುತ್ತೇನೆ. ಗಾಳಿ ತುಂಬದ ಈ ಟೈರಿಗೆ ಒಳಗಿನ ಸ್ಪಂಜೇ ಆಧಾರ. ಅದು ನೆನೆದರೆ ಚಕ್ರ ಭಾರವಾಗಿ ಅದುರುತ್ತದೆ, ಆದ್ದರಿಂದ ನೀರು ಹೊರಬೀಳಲೆಂದು ಟೈರಿನ ನಡುಗೆರೆಯಲ್ಲಿ ಎದುರುಬದುರಾಗಿ ಎರಡು ಚಿಕ್ಕ ತೂತು ಕೊರೆಯುತ್ತೇನೆ. ಟೈರನ್ನು ರಿಮ್ಮಿಗೆ ಅಂಟಿಸುವ ಮುನ್ನ ರಬ್ಬರಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಲೇಬೇಕು. ಕಳೆದ ಬಾರಿ ಅವಸರದಲ್ಲಿ ಒರೆಸದೆ ಸೂಪರ್ ಗ್ಲೂ ಹಾಕಿದ್ದೆ. ಮೂರನೆಯ ಸುತ್ತಿನಲ್ಲೇ ಟೈರು ರಿಮ್ಮಿನಿಂದ ಕಳಚಿಕೊಂಡಿತು.